ಒಲವೋ, ಅಂಕೆಯೋ?
ಹರೆಯದ ಹೆಣ್ಣುಮಕ್ಕಳಿರುವ ಮನೆಗಳಿಗೆ ಒಂದು ಅಭ್ಯಾಸ ಪಾಠ



ಉಳಿತಾಯ, ಭವಿಷ್ಯ ನಿಧಿ, ಮಕ್ಕಳ ಪರೀಕ್ಷೆ, ಮಳೆಗಾಲದ ಜ್ವರ ಮೊದಲಾದವುಗಳ ಮೇಲೆ ಪಾಠ ಬರೆಯುವುದು ಸುಲಭ. ಅವನ್ನು ಯಾರು ಬೇಕಾದರೂ ಗಟ್ಟಿಯಾಗಿ ಓದಬಹುದು, ನಾಲ್ಕು ಜನರ ನಡುವೆ ಚರ್ಚಿಸಬಹುದು. ಈ ಸಲದ ವಿಷಯ ಅಂಥದಲ್ಲ. ಹದಿನೈದು, ಹದಿನಾರು, ಹದಿನೇಳು ವರ್ಷದ ಹುಡುಗಿಯೊಬ್ಬಳು ಯಾವನೋ ಒಬ್ಬನನ್ನು ಮೆಚ್ಚಿ, ಆಮೇಲೆ ಅವನಿಂದಲೇ ಬೈಗುಳ, ಹೊಡೆತ, ಬೆದರಿಕೆಗಳಿಗೆ ಸಿಕ್ಕಿ, ಬಿಡಲೂ ಆಗದೆ ಹೇಳಲೂ ಆಗದೆ ಒಳಗೊಳಗೇ ಕೊರಗುವ ವಿಷಯ ಇದು. ಇಂಥದು ನಮ್ಮ ಮನೆಗಳಲ್ಲಿ ಇಲ್ಲವೆಂದು ಹೇಳಿಕೊಳ್ಳುವುದು ಹಿತವಾಗಿರುತ್ತದೆ. ಆದರೆ ಹಿತವಾದ ಮಾತೆಲ್ಲ ನಿಜವಲ್ಲ. ಆದುದರಿಂದ ಸಂಕೋಚವನ್ನು ಪಕ್ಕಕ್ಕಿಟ್ಟು ಇದನ್ನು ಒಮ್ಮೆ ನಿಧಾನವಾಗಿ ಅಭ್ಯಾಸ ಮಾಡೋಣ.

ಊರು ಬಿಟ್ಟು ಹೈದರಾಬಾದಿಗೆ ಬಂದ ನಮ್ಮಂಥವರ ಮನೆಗಳಲ್ಲಿ ಈ ವಿಷಯಕ್ಕೆ ಇನ್ನೊಂದು ತೂಕ ಉಂಟು. ಬೀದರದಿಂದಲೋ ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬಂದು, ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದವರು ನಾವು. ಗಂಡಸರಿಗೆ ಪಾಳಿಯ ಕೆಲಸ. ಹೆಂಗಸರೂ ಅನೇಕರು ದುಡಿಯಲು ಹೋಗುತ್ತಾರೆ. ಊರಿನಲ್ಲಾದರೆ ಹುಡುಗಿಯ ಮುಖ ಬಾಡಿದ್ದನ್ನು ಅಜ್ಜಿ ಕಾಣುತ್ತಿದ್ದಳು, ಚಿಕ್ಕಮ್ಮ ಕೇಳುತ್ತಿದ್ದಳು, ಪಕ್ಕದ ಮನೆಯ ಅಕ್ಕ ಬಾಯಿ ಬಿಡಿಸುತ್ತಿದ್ದಳು. ಇಲ್ಲಿ ಆ ಕಣ್ಣುಗಳಿಲ್ಲ, ಇರುವುದು ಕೈಯಲ್ಲೊಂದು ಫೋನು ಮಾತ್ರ. ಅದರ ಮೇಲೆ 'ಊರಿಗೆ ಸುದ್ದಿ ಮುಟ್ಟಿದರೆ ಏನು ಗತಿ?' ಎಂಬ ಭಯ ಬೇರೆ. ಹುಡುಗಿಗೆ ತೊಂದರೆ ಕೊಡುವವನು ಈ ಭಯವನ್ನು ನಮಗಿಂತ ಚೆನ್ನಾಗಿ ತಿಳಿದಿರುತ್ತಾನೆ.

1. ಇದು ಎಷ್ಟು ದೊಡ್ಡ ವಿಷಯ?

2024ರ ಜುಲೈ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕವನ್ನು ಪ್ರಕಟಿಸಿತು. ಪ್ರಪಂಚದಲ್ಲಿ 15ರಿಂದ 19 ವರ್ಷದೊಳಗಿನ, ಗಂಡನೊಡನೆಯೋ ಗೆಳೆಯನೊಡನೆಯೋ ಸಂಬಂಧದಲ್ಲಿದ್ದ ಹುಡುಗಿಯರಲ್ಲಿ ನೂರಕ್ಕೆ 24 ಮಂದಿ, ಎಂದರೆ ಸುಮಾರು 1 ಕೋಟಿ 90 ಲಕ್ಷ ಮಂದಿ, ಇಪ್ಪತ್ತು ತುಂಬುವುದರೊಳಗೆ ಅವನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿರುತ್ತಾರೆ. ನಾಲ್ವರಲ್ಲಿ ಒಬ್ಬಳು ಎನ್ನಬಹುದು. ನೂರಕ್ಕೆ 16 ಮಂದಿಗೆ ಅದು ಹಿಂದಿನ ಒಂದೇ ವರ್ಷದಲ್ಲಿ ಆದದ್ದು. ಬೈಗುಳ, ಕಾವಲು, ಬೆದರಿಕೆ ಇವು ಈ ಲೆಕ್ಕದಲ್ಲಿ ಸೇರಿಲ್ಲ. ಆದ್ದರಿಂದ ಯಾವ ಮನೆಯಲ್ಲಿ ಇದು ಕಂಡುಬಂದರೂ 'ನಮ್ಮ ಹುಡುಗಿಯೇ ಕೆಟ್ಟವಳು, ನಮ್ಮ ಹಣೆಬರಹವೇ ಹೀಗೆ' ಎಂದುಕೊಳ್ಳಬೇಕಾಗಿಲ್ಲ. ಇದು ಎಲ್ಲ ದೇಶಗಳಲ್ಲಿಯೂ ಬಡವರ ಮನೆಯಲ್ಲಿಯೂ ಬಲ್ಲವರ ಮನೆಯಲ್ಲಿಯೂ ಇರುವ ಕೇಡು.

2. ಒಂದು ಉದಾಹರಣೆ

ಇದು ಯಾವ ಒಂದು ಮನೆಯ ಕತೆಯೂ ಅಲ್ಲ. ಪಾಠಕ್ಕಾಗಿ ಜೋಡಿಸಿಕೊಂಡ ಉದಾಹರಣೆ ಎಂದು ತಿಳಿಯಿರಿ.

ಹುಡುಗಿಗೆ ಹದಿನಾರು. ಇಂಟರ್‌ಮೀಡಿಯೆಟ್ ಮೊದಲನೆಯ ವರ್ಷ. ತಂದೆಗೆ ಜೀಡಿಮೆಟ್ಲದ ಕಾರ್ಖಾನೆಯಲ್ಲಿ ಪಾಳಿ ಕೆಲಸ, ತಾಯಿಗೆ ಎರಡು ಮನೆಗಳ ಅಡುಗೆ ಕೆಲಸ. ಹುಡುಗನಿಗೆ ಇಪ್ಪತ್ತು, ಮೊಬೈಲು ಅಂಗಡಿಯಲ್ಲಿ ಕೆಲಸ. ಬಸ್ಸಿನ ನಿಲ್ದಾಣದಲ್ಲಿ ಪರಿಚಯ. ಅವನೇ ಫೋನಿಗೆ ರೀಚಾರ್ಜು ಮಾಡಿಸಿದ. ಹುಟ್ಟುಹಬ್ಬಕ್ಕೆ ಗಡಿಯಾರ ತಂದುಕೊಟ್ಟ. ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲದ ಹುಡುಗಿಗೆ, ದಿನಕ್ಕೆ ಹತ್ತು ಸಲ 'ಊಟ ಆಯಿತೆ?' ಎಂದು ಕೇಳುವವನು ಸಿಕ್ಕಿದ. ಅದು ಅವಳಿಗೆ ಅಮೃತವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಎರಡು ತಿಂಗಳಾದ ಮೇಲೆ 'ಊಟ ಆಯಿತೆ?' ಎಂಬುದು 'ಎಲ್ಲಿದ್ದೀ?' ಎಂದಾಯಿತು. ಆಮೇಲೆ 'ಯಾರ ಜೊತೆ ಇದ್ದೀ? ವೀಡಿಯೊ ಕರೆ ಮಾಡಿ ತೋರಿಸು' ಎಂದಾಯಿತು. ತರಗತಿಯ ಹುಡುಗರೊಡನೆ ಮಾತು ಬೇಡ ಎಂದ. ಆಮೇಲೆ ಗೆಳತಿಯೊಬ್ಬಳ ಸಹವಾಸ ಸರಿಯಿಲ್ಲ, ಬಿಡು ಎಂದ. ಫೋನಿನ ಗುಟ್ಟಿನ ಸಂಖ್ಯೆ ಕೇಳಿ ಇಸಿದುಕೊಂಡ. ಒಂದು ದಿನ ಕರೆಗೆ ಉತ್ತರ ಕೊಡಲಿಲ್ಲವೆಂದು ನಿಲ್ದಾಣದಲ್ಲಿಯೇ ಕೆನ್ನೆಗೆ ಹೊಡೆದ. ಅದೇ ಸಂಜೆ ಅತ್ತ, ಕಾಲು ಹಿಡಿದ, 'ನಿನ್ನ ಮೇಲೆ ಪ್ರಾಣ ಇಟ್ಟುಕೊಂಡಿದ್ದಕ್ಕೆ ಹಾಗಾಯಿತು' ಎಂದ. ಹುಡುಗಿ ಕ್ಷಮಿಸಿದಳು. ಹದಿನೈದು ದಿನ ಎಲ್ಲ ಸರಿ. ಮತ್ತೆ ಹೊಡೆತ. ಬಿಡುತ್ತೇನೆ ಎಂದಳು. 'ಬಿಟ್ಟರೆ ನಾನು ಸಾಯುತ್ತೇನೆ' ಎಂದ. ಅದಕ್ಕೂ ಬಗ್ಗದಿದ್ದಾಗ ಕೊನೆಯ ಆಯುಧ ತೆಗೆದ: 'ನಿನ್ನ ಫೋಟೊ ನನ್ನ ಹತ್ತಿರ ಇವೆ. ನಿನ್ನ ಅಪ್ಪನಿಗೆ ಕಳಿಸುತ್ತೇನೆ.'

ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿರಿ. ನಮ್ಮ ಪಾಠದ ತಿರುಳು ಅದರಲ್ಲಿದೆ.

3. ಕಿರ್ದಿಯನ್ನಲ್ಲ, ಖಾತೆಯನ್ನು ನೋಡಬೇಕು

ಗಿರಣಿಯಲ್ಲಿ ಲೆಕ್ಕ ಬರೆಯುವವರಿಗೆ ಕಿರ್ದಿಗೂ ಖಾತೆಗೂ ಇರುವ ವ್ಯತ್ಯಾಸ ಗೊತ್ತು. ಕಿರ್ದಿಯಲ್ಲಿ ಆಯಾ ದಿನದ ಬಾಬು ಮಾತ್ರ ಕಾಣುತ್ತದೆ. ಇಂದು ಇಷ್ಟು ಬಂತು, ಇಷ್ಟು ಹೋಯಿತು. ಒಬ್ಬ ವ್ಯಾಪಾರಿ ನಮ್ಮನ್ನು ಮುಳುಗಿಸುತ್ತಿದ್ದಾನೆಯೆ ಎಂಬುದು ಕಿರ್ದಿಯಿಂದ ತಿಳಿಯದು. ಅವನ ಹೆಸರಿನ ಖಾತೆ ತೆಗೆದು ಆರು ತಿಂಗಳ ಬಾಬುಗಳನ್ನು ಒಟ್ಟಿಗೆ ನೋಡಿದರೆ ತಿಳಿಯುತ್ತದೆ. ಹುಡುಗಿಯ ವಿಷಯವೂ ಹಾಗೆಯೇ. 'ಎಲ್ಲಿದ್ದೀ?' ಎಂದು ಕೇಳುವುದು ತಪ್ಪೆ? ಅಲ್ಲ. ಒಂದು ದಿನ ಸಿಟ್ಟು ಬರುವುದು ಅಪರಾಧವೆ? ಅಲ್ಲ. ಆದರೆ ಎಲ್ಲವನ್ನೂ ಒಂದು ಖಾತೆಯಲ್ಲಿಟ್ಟು ನೋಡಿದಾಗ, ಅವಳ ಗೆಳತಿಯರು, ಬಟ್ಟೆ, ಫೋನು, ಓದು, ನಿದ್ದೆ ಒಂದೊಂದೇ ಅವಳ ಕೈಯಿಂದ ಅವನ ಕೈಗೆ ಹೋದದ್ದು ಕಾಣುತ್ತದೆ.

ಇದನ್ನು ಬಲ್ಲವರು ಹಿಂದೆಯೇ ಕಂಡುಕೊಂಡಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಡೆತವು ಒಂದು ಚಕ್ರದಂತೆ ಸುತ್ತುತ್ತದೆ ಎಂದು ತೋರಿಸಿದರು. ಮೊದಲು ಬಿಗಿ ಬೆಳೆಯುತ್ತದೆ, ಆಮೇಲೆ ಹೊಡೆತ, ಆಮೇಲೆ ಅಳು, ಕ್ಷಮಾಪಣೆ, ಉಡುಗೊರೆ, ಮತ್ತೆ ಬಿಗಿ. ಎಲ್ಲರ ಸಂಗತಿಯೂ ಈ ಕ್ರಮದಲ್ಲಿಯೇ ನಡೆಯುತ್ತದೆಂದಲ್ಲ. ಆದರೂ ಆ ಮೂರನೆಯ ಘಟ್ಟವೇ ಹುಡುಗಿಯನ್ನು ಕಟ್ಟಿಹಾಕುವುದುಂಟು. 'ಅವನು ಒಳಗೆ ಒಳ್ಳೆಯವನು' ಎಂಬ ಆಸೆಯನ್ನು ಅದು ಉಳಿಸಿಬಿಡುತ್ತದೆ. 1984ರಲ್ಲಿ ಅಮೆರಿಕದ ಡುಲುತ್ ಎಂಬ ಊರಿನಲ್ಲಿ ಏಟು ತಿಂದ ಹೆಂಗಸರನ್ನೇ ಕೂಡಿಸಿ ಕೇಳಿ, ಗಾಲಿಯ ಆಕಾರದ ಒಂದು ಚಿತ್ರ ಬರೆದರು. ಆ ಗಾಲಿಯ ನಡುವೆ ಇರುವುದು ಸಿಟ್ಟಲ್ಲ, ಅಧಿಕಾರ ಮತ್ತು ಅಂಕೆ. ಬೆದರಿಸುವುದು, ಹೀನೈಸುವುದು, ಒಂಟಿಮಾಡುವುದು, 'ನಾನೇನೂ ಮಾಡಲೇ ಇಲ್ಲ' ಎನ್ನುವುದು ಇವೆಲ್ಲ ಅದರ ಅರಗಳು. ಇಂಗ್ಲೆಂಡಿನಲ್ಲಿ 2015ರ ಒಂದು ಕಾನೂನು ಇನ್ನೂ ಮುಂದೆ ಹೋಗಿ, ಕೈ ಎತ್ತದಿದ್ದರೂ ನಿಕಟ ಸಂಬಂಧದಲ್ಲಿರುವವರನ್ನು ಹೀಗೆ ಅಂಕೆಯಲ್ಲಿಟ್ಟು ಹಿಂಸಿಸುವುದನ್ನೇ ಅಪರಾಧವೆಂದು ಹೇಳಿತು.

ಮನೆಯವರ ಕಣ್ಣಿಗೆ ಬೀಳಬಹುದಾದ ಗುರುತುಗಳು ಇವು. ಫೋನು ಸದ್ದು ಮಾಡಿದೊಡನೆ ಹುಡುಗಿ ಬೆಚ್ಚುತ್ತಾಳೆ, ಸ್ನಾನಕ್ಕೆ ಹೋದರೂ ಅದನ್ನು ಬಿಟ್ಟಿರಲಾರಳು. ಹಳೆಯ ಗೆಳತಿಯರು ಬರುವುದು ನಿಂತಿದೆ. ಸೆಕೆಯಲ್ಲಿಯೂ ತುಂಬುತೋಳಿನ ಬಟ್ಟೆ ತೊಡುತ್ತಾಳೆ. ಅಂಕಗಳು ಇಳಿದಿವೆ, ಊಟ ಇಳಿದಿದೆ. ಎಲ್ಲದಕ್ಕೂ 'ತಪ್ಪಾಯಿತು' ಎನ್ನುವುದು ಅಭ್ಯಾಸವಾಗಿದೆ. ಒಂದೇ ಗುರುತಿನಿಂದ ತೀರ್ಮಾನಕ್ಕೆ ಬರಬಾರದು. ಹರೆಯದಲ್ಲಿ ಮಕ್ಕಳು ಬದಲಾಗುವುದು ಸಹಜ. ಆದರೆ ನಾಲ್ಕಾರು ಕೂಡಿ ಬಂದರೆ ಖಾತೆ ತೆಗೆದು ನೋಡಬೇಕು.

ಹುಡುಗಿಯರೇ ಈ ಪುಟವನ್ನು ಓದುತ್ತಿದ್ದರೆ, ಅವರಿಗೊಂದು ಅಳತೆಗೋಲು ಹೇಳುತ್ತೇವೆ. ಅವನಿಗೆ 'ಇಲ್ಲ' ಎಂದು ಹೇಳಿ ನೋಡಿರಿ. ಸಣ್ಣ ವಿಷಯಕ್ಕೇ ಹೇಳಿರಿ: ಇವತ್ತು ಬರಲಾಗುವುದಿಲ್ಲ, ಫೋಟೊ ಕಳಿಸುವುದಿಲ್ಲ, ಗೆಳತಿಯ ಮನೆಗೆ ಹೋಗುತ್ತೇನೆ. ಒಲವಿರುವವನು ಬೇಸರಪಟ್ಟಾನು, ಆದರೆ ಒಪ್ಪಿಕೊಂಡಾನು. 'ಇಲ್ಲ' ಎಂದು ಹೇಳಲು ನಿಮಗೆ ಹೆದರಿಕೆಯಾಗುತ್ತಿದ್ದರೆ, ಹೇಳಿ ನೋಡುವ ಅವಶ್ಯಕತೆಯೇ ಇಲ್ಲ. ಆ ಹೆದರಿಕೆಯೇ ಉತ್ತರ.

4. ಅವಳು ಏಕೆ ಬಿಟ್ಟುಬರುವುದಿಲ್ಲ?

'ಹೊಡೆಯುವವನನ್ನು ಬಿಟ್ಟರಾಯಿತಲ್ಲ?' ಎಂದು ಕೇಳುವುದು ಸುಲಭ. ಒಂದು, ಅವಳಿಗೆ ಅದು ಹಿಂಸೆಯೆಂದೇ ತಿಳಿದಿರುವುದಿಲ್ಲ. ಬೇಡವೆಂದ ಹುಡುಗಿಯನ್ನು ಹಿಂಬಾಲಿಸಿ, ಕಾಡಿ, ಬೆದರಿಸಿ ಒಲಿಸಿಕೊಳ್ಳುವವನೇ ನಾಯಕನಾದ ಚಲಚ್ಚಿತ್ರಗಳನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ನಾವೇ ಸೀಟಿ ಹೊಡೆದು ನೋಡಿದ್ದೇವೆ. ಅದನ್ನು ನೋಡಿ ಬೆಳೆದವಳಿಗೆ ಕಾವಲು ಕಾಳಜಿಯಾಗಿ ಕಾಣುತ್ತದೆ. ಎರಡು, 'ಸಾಯುತ್ತೇನೆ' ಎಂಬ ಅವನ ಮಾತಿಗೆ ತಾನೇ ಹೊಣೆ ಎಂದುಕೊಳ್ಳುತ್ತಾಳೆ. ಮೂರು, ಚಿತ್ರಗಳ ಭಯ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಮನೆಯ ಭಯ. ಅಪ್ಪ ಹೊಡೆಯುತ್ತಾನೆ, ಅಣ್ಣ ಕೊಂದುಬಿಡುತ್ತೇನೆ ಎನ್ನುತ್ತಾನೆ, ಕಾಲೇಜು ಬಿಡಿಸುತ್ತಾರೆ, ಊರಿಗೆ ಕರೆದೊಯ್ದು ಯಾರಿಗೋ ಕಟ್ಟಿಬಿಡುತ್ತಾರೆ.

'ನಿನ್ನ ಅಪ್ಪನಿಗೆ ಹೇಳುತ್ತೇನೆ' ಎಂಬ ಬೆದರಿಕೆಗೆ ಶಕ್ತಿ ಎಲ್ಲಿಂದ ಬಂತು ಎಂದು ಯೋಚಿಸಿರಿ. ಅದು ಆ ಹುಡುಗನ ಶಕ್ತಿಯಲ್ಲ, ಅಪ್ಪನ ಸಿಟ್ಟಿನ ಶಕ್ತಿ. ಹೊರಗಿನವನು ನಮ್ಮ ಕೋಪವನ್ನೇ ಎರವಲು ಪಡೆದು ನಮ್ಮ ಮಗಳನ್ನು ಹೆದರಿಸುತ್ತಿದ್ದಾನೆ. 'ಹೇಳು ಹೋಗು, ನಮ್ಮ ಅಪ್ಪನಿಗೆ ನಾನೇ ಹೇಳಿದ್ದೇನೆ' ಎಂದು ಅವಳು ಅನ್ನಬಲ್ಲ ದಿನ ಆ ಬೆದರಿಕೆ ಸವೆದ ನಾಣ್ಯವಾಗುತ್ತದೆ. ಅವಳು ಹಾಗೆ ಅನ್ನಬಲ್ಲಳೋ ಇಲ್ಲವೋ ಎಂಬುದು ಅವಳ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ಕಷ್ಟ ಬರುವ ಮೊದಲೇ, ಊಟಕ್ಕೆ ಕುಳಿತಾಗಲೋ ಬಸ್ಸಿಗೆ ಕಾಯುವಾಗಲೋ, 'ಏನೇ ಆದರೂ, ನಿನ್ನದೇ ತಪ್ಪಿದ್ದರೂ, ಮೊದಲು ನನಗೆ ಹೇಳವ್ವಾ, ನಾನು ಹೊಡೆಯುವುದಿಲ್ಲ' ಎಂದು ಒಂದು ಮಾತು ಹೇಳಿಟ್ಟಿರಬೇಕು. ಈ ಒಂದು ಮಾತಿಗೆ ದುಡ್ಡು ಖರ್ಚಾಗುವುದಿಲ್ಲ.

5. ಕೇಳಿಯೂ ಸುಮ್ಮನಿದ್ದವರು

ವಿರಾಟಪರ್ವದ ಕೀಚಕನ ಪ್ರಸಂಗ ನಮಗೆಲ್ಲ ಗೊತ್ತು. ಕುಮಾರವ್ಯಾಸನ ಭಾರತದ ವಾಚನದಲ್ಲಿ ಕೇಳಿದ್ದೇವೆ, ಬಯಲಾಟದಲ್ಲಿ ನೋಡಿದ್ದೇವೆ. ಕೀಚಕನು ಸತ್ತ ಭಾಗಕ್ಕೆ ಚಪ್ಪಾಳೆ ಹೊಡೆಯುತ್ತೇವೆ. ಅದಕ್ಕೆ ಮೊದಲಿನ ಭಾಗವನ್ನು ಅಷ್ಟಾಗಿ ಗಮನಿಸುವುದಿಲ್ಲ. ಸೈರಂಧ್ರಿಯು ಅವನ ಕಾಟವನ್ನು ರಾಣಿ ಸುದೇಷ್ಣೆಯ ಮುಂದೆ ಹೇಳಿಕೊಂಡಳು. ರಾಣಿ ತಿಳಿದೂ ಅವಳನ್ನೇ ಅವನ ಮನೆಗೆ ಕಳಿಸಿದಳು. ಅವಳು ತುಂಬಿದ ಸಭೆಗೆ ಓಡಿಬಂದಳು. ರಾಜನ ಎದುರಿಗೇ ಕೀಚಕ ಒದೆದ. ವಿರಾಟ ಸುಮ್ಮನೆ ಕುಳಿತ. ಅವಳು ಹೇಳಲಿಲ್ಲವೆಂದಲ್ಲ, ಕೇಳಬೇಕಾದವರು ಕೇಳಲಿಲ್ಲ.

ಇದು ಪುರಾಣಕಾಲಕ್ಕೆ ಮುಗಿದ ಕತೆಯಲ್ಲ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳನ್ನು ಹಾಡುಹಗಲಲ್ಲೇ ಇರಿದು ಕೊಂದರು; ಆರೋಪಿ ಅವಳ ಹಳೆಯ ಸಹಪಾಠಿ. ಆ ಸುದ್ದಿ ಆರುವ ಮೊದಲೇ, ಮೇ 15ರ ಬೆಳಗ್ಗೆ, ಅದೇ ಊರಿನ ವೀರಾಪುರ ಓಣಿಯಲ್ಲಿ ಇಪ್ಪತ್ತರ ಹರೆಯದ ಇನ್ನೊಬ್ಬಳನ್ನು ಮನೆಯೊಳಗೇ ಕೊಂದರು. ತನ್ನೊಡನೆ ಬರಲು ಒಪ್ಪಲಿಲ್ಲವೆಂದು ಪರಿಚಯದ ಯುವಕನೇ ಹೀಗೆ ಮಾಡಿದನೆಂಬುದು ಆಪಾದನೆ. ಅವನ ಬೆದರಿಕೆಯನ್ನು ಮುಂಚೆಯೇ ಪೊಲೀಸರಿಗೆ ತಿಳಿಸಿದ್ದೆವು, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಮನೆಯವರು ಹೇಳಿದರು. ಕರ್ತವ್ಯಲೋಪಕ್ಕಾಗಿ ಪೊಲೀಸ್ ಅಧಿಕಾರಿಗಳು ಅಮಾನತಾದರು. ಅಮಾನತಿನಿಂದ ಹೋದ ಜೀವ ಬರಲಿಲ್ಲ. ಇವೆರಡರಿಂದ ಕಲಿಯಬೇಕಾದದ್ದು ಏನೆಂದರೆ, ಬೆದರಿಕೆಯನ್ನು ಎಂದೂ ಬಾಯಿಮಾತೆಂದು ತಳ್ಳಿಹಾಕಬಾರದು. 'ಒಲ್ಲೆ' ಎಂದ ಮೇಲಿನ, ಬಿಟ್ಟು ದೂರವಾದ ಮೇಲಿನ ದಿನಗಳೇ ಅತಿ ಅಪಾಯದ ದಿನಗಳು. ಬಿಟ್ಟಾಯಿತು, ಮುಗಿಯಿತು ಎಂದು ಮೈಮರೆಯಬಾರದು.

6. ತಿಳಿದ ದಿನ ಮನೆಯವರು ಮಾಡಬೇಕಾದದ್ದು

ಮೊದಲು ಮಾಡಬಾರದ್ದನ್ನು ಹೇಳುತ್ತೇವೆ. ಹೊಡೆಯಬಾರದು. ಅವಳು ಆಗಲೇ ಹೊಡೆತ ತಿಂದು ಬಂದವಳು. ಫೋನು ಒಡೆಯಬಾರದು, ಸಾಕ್ಷ್ಯವೆಲ್ಲ ಅದರಲ್ಲಿಯೇ ಇದೆ. ಕಾಲೇಜು ಬಿಡಿಸಬಾರದು, ತಪ್ಪು ಮಾಡಿದವನು ಬೀದಿಯಲ್ಲಿ ಓಡಾಡುತ್ತಿರುವಾಗ ಅವಳಿಗೇಕೆ ಶಿಕ್ಷೆ? ಅಣ್ಣ ತಮ್ಮಂದಿರು ನಾಲ್ಕು ಜನ ಕೂಡಿ ಹುಡುಗನನ್ನು ಹೊಡೆಯಲು ಹೋಗಬಾರದು. ಆಮೇಲೆ ಠಾಣೆಯಲ್ಲಿ ಆಪಾದಿತರಾಗಿ ನಿಲ್ಲುವವರು ನಾವೇ.

ಇನ್ನೊಂದು ಇದೆ. 'ಹೇಗೂ ಹೆಸರು ಕೆಟ್ಟಿತು, ಅವನಿಗೇ ಕಟ್ಟಿಬಿಡೋಣ' ಎನ್ನುವ ಹಿರಿಯರುಂಟು. ಹೊಡೆಯುವವನಿಗೆ ತಾಳಿಯ ಅಧಿಕಾರವನ್ನೂ ಕೊಟ್ಟರೆ ಹೊಡೆತ ನಿಲ್ಲುವುದೆ? ಹದಿನೆಂಟು ತುಂಬದವಳ ಮದುವೆ 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ನಿಷಿದ್ಧ. ಮಾಡಿಸಿದವರಿಗೂ ಶಿಕ್ಷೆ ಉಂಟು. ಹದಿನೆಂಟು ತುಂಬದ ಹೆಂಡತಿಯೊಡನೆ ಗಂಡ ಕೂಡಿದರೂ ಅದು ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟು 2017ರ ಅಕ್ಟೋಬರಿನಲ್ಲಿ ತೀರ್ಪಿತ್ತಿದೆ.

ಜಾತಿಯ, ಭಾಷೆಯ, ಮತದ ಮಾತನ್ನು ಇದರಲ್ಲಿ ಬೆರೆಸಬಾರದು. ಹುಡುಗ ಹೊಡೆಯುತ್ತಾನೆಂದು ಹೇಳಲು ಬಂದವಳಿಗೆ 'ಆ ಜಾತಿಯವನ ಸಹವಾಸ ಏಕೆ ಮಾಡಿದೆ?' ಎಂದು ಕೇಳಿದರೆ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ, ಇನ್ನೊಮ್ಮೆ ತೆರೆಯಲಾರಳು. ಹೊಡೆಯುವವನು ನಮ್ಮ ಸೋದರಳಿಯನೇ ಆದರೂ ಹೊಡೆಯುವವನೇ.

ಈಗ ಮಾಡಬೇಕಾದದ್ದು. ಮೊದಲ ದಿನ ಮೂರು ಮಾತು ಸಾಕು: 'ಹೇಳಿದ್ದು ಒಳ್ಳೆಯದಾಯಿತು. ತಪ್ಪು ಹೊಡೆದವನದು. ನಾವು ನಿನ್ನ ಜೊತೆ ಇದ್ದೇವೆ.' ಆಮೇಲೆ ಕೇಳುತ್ತ ಕೂಡಬೇಕು. ವಕೀಲರಂತೆ ಸವಾಲು ಹಾಕಬಾರದು. ಒಂದೇ ಸಲಕ್ಕೆ ಎಲ್ಲ ಹೇಳುವುದಿಲ್ಲ. ಅವನನ್ನು ಬಿಡಲು ಅವಳಿಗೆ ಇನ್ನೂ ಮನಸ್ಸಿಲ್ಲದಿದ್ದರೂ ಬೈಯಬಾರದು; ನಾವು ಬೈದಷ್ಟೂ ಅವನ ಕಡೆಗೆ ವಾಲುತ್ತಾಳೆ. ಏಟಿನ ಗಾಯವಿದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ತೋರಿಸಿ, ಕಾಗದಗಳನ್ನು ಇಟ್ಟುಕೊಳ್ಳಬೇಕು. ಅವನ ಸಂದೇಶಗಳನ್ನು ಅಳಿಸದೆ ತಾರೀಖು ಕಾಣುವಂತೆ ಉಳಿಸಬೇಕು. ಒಂದು ವಹಿಯಲ್ಲಿ ಯಾವ ದಿನ, ಎಲ್ಲಿ, ಏನಾಯಿತು, ಯಾರು ಕಂಡರು ಎಂದು ಬರೆದಿಡಬೇಕು. ಗುಮಾಸ್ತರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ. ಕೆಲವು ವಾರ ಹೋಗುವ ದಾರಿ, ಹೋಗುವ ಹೊತ್ತು ಬದಲಿಸಿ, ಜೊತೆಗೆ ಒಬ್ಬರು ಇರುವಂತೆ ಪಾಳಿ ಹಂಚಿಕೊಳ್ಳಬೇಕು. ನಂಬಿಕೆಯ ಒಬ್ಬ ಅಧ್ಯಾಪಕಿಗೂ ನೆರೆಮನೆಯವರೊಬ್ಬರಿಗೂ ತಿಳಿಸಿರಬೇಕು. ಫೋನಿನ ಗುಟ್ಟಿನ ಸಂಖ್ಯೆಗಳನ್ನೆಲ್ಲ ಬದಲಿಸಬೇಕು.

'ನಾನು ಸಾಯುತ್ತೇನೆ' ಎಂದು ಹುಡುಗ ಬೆದರಿಸಿದರೆ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಹುಡುಗಿಯ ತಲೆಗೂ ಕಟ್ಟಬಾರದು. ಅವನ ಮನೆಯವರಿಗೆ ತಿಳಿಸಬೇಕು. ತುರ್ತಾಗಿದ್ದರೆ 112ಕ್ಕೆ ಹೇಳಬೇಕು. ಅವನಿಗೆ ಸಹಾಯ ಮಾಡಲು ವೈದ್ಯರಿದ್ದಾರೆ. ಆ ಹೊರೆ ಹದಿನಾರರ ಹುಡುಗಿಯದಲ್ಲ.

7. ಕಾನೂನು ಏನು ಹೇಳುತ್ತದೆ?

ಹದಿನೆಂಟು ವರ್ಷದೊಳಗಿನವರೆಲ್ಲ ಕಾನೂನಿನ ಕಣ್ಣಿಗೆ ಮಕ್ಕಳು. 2012ರ ಪೋಕ್ಸೊ ಕಾಯಿದೆ ಆ ವರ್ಷದ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರಂತೆ ಹದಿನೆಂಟು ತುಂಬದವಳೊಡನೆ ಲೈಂಗಿಕ ವರ್ತನೆ, ಅವಳು ಒಪ್ಪಿದ್ದಳೆಂದರೂ, ಅಪರಾಧ. ಲೈಂಗಿಕ ಉದ್ದೇಶದಿಂದ ಬಿಡದೆ ಹಿಂಬಾಲಿಸುವುದು, ಚಿತ್ರ ತೋರಿಸುತ್ತೇನೆಂದು ಹೆದರಿಸುವುದು ಕೂಡ ಅದರಲ್ಲಿ ಸೇರುತ್ತವೆ. ಇಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂಬ ವಿಧಿಯೂ ಇದೆ. ಹುಡುಗನೂ ಹದಿನೆಂಟರೊಳಗಿನವನಾದರೆ ಅವನ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ ಆರಂಭವಾಗುತ್ತದೆ.

ಠಾಣೆಯ ಹೆಸರು ಕೇಳಿ ಹೆದರುವ ತಾಯಂದಿರು ಇದನ್ನು ತಿಳಿದಿರಲಿ. ಈ ಕಾಯಿದೆಯಂತೆ ಹುಡುಗಿಯ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳಿಗೆ ಇಷ್ಟವಾದ ಕಡೆ ಬರೆದುಕೊಳ್ಳಬೇಕು. ಆದಷ್ಟು ಮಟ್ಟಿಗೆ ಮಹಿಳಾ ಸಬ್‌ಇನ್‌ಸ್ಪೆಕ್ಟರೇ ಬರೆದುಕೊಳ್ಳಬೇಕು, ಸಮವಸ್ತ್ರದಲ್ಲಿರಬಾರದು, ತಂದೆತಾಯಿ ಅಥವಾ ಅವಳು ನಂಬಿದವರು ಜೊತೆಗಿರಬೇಕು. ರಾತ್ರಿ ಅವಳನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ವೈದ್ಯ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು. ಅವಳ ಹೆಸರು, ವಿಳಾಸ, ಚಿತ್ರ ಪತ್ರಿಕೆಯಲ್ಲಿ ಬರುವಂತಿಲ್ಲ.

2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 78ನೆಯ ಕಲಮಿನಂತೆ, ಹೆಣ್ಣು ಬೇಡವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಹಿಂಬಾಲಿಸುವುದು, ಮತ್ತೆ ಮತ್ತೆ ಸಂಪರ್ಕಿಸುವುದು, ಅವಳ ಫೋನು, ಇಂಟರ್‌ನೆಟ್ಟುಗಳ ಮೇಲೆ ಕಾವಲಿಡುವುದು ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಸಜೆ. ವಯಸ್ಸಿನ ಮಿತಿಯಿಲ್ಲದೆ ಎಲ್ಲ ಹೆಂಗಸರಿಗೂ ಇದು ಅನ್ವಯಿಸುತ್ತದೆ. ಮೊದಲ ಸಲದ ಅಪರಾಧಕ್ಕೆ ಜಾಮೀನು ಸಿಗುತ್ತದೆಂಬುದನ್ನೂ ಮರೆಯಬಾರದು. ದೂರು ಕೊಟ್ಟ ಮೇಲೆಯೂ ಎಚ್ಚರ ಬೇಕು.

ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಊರಿನಲ್ಲಿ ನಡೆದದ್ದನ್ನು ಇಲ್ಲಿ ಬರೆಸಿದರೂ ದಾಖಲು ಮಾಡಿಕೊಂಡು ಅಲ್ಲಿಗೆ ಕಳಿಸಬೇಕು. ದೂರಿನ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗೆ ಅಂಚೆಯ ಮೂಲಕ ಕಳಿಸಬಹುದು. ಬಾಯಲ್ಲಿ ಹೇಳಿ ಬರುವುದಕ್ಕಿಂತ ಬರೆದು ಕೊಟ್ಟು ಪ್ರತಿ ಪಡೆಯುವುದು ಯಾವಾಗಲೂ ಮೇಲು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ.

ಒಂದು ಎಚ್ಚರಿಕೆಯ ಮಾತು. ಈ ಕಾಯಿದೆ ಹಿಂಸೆಯ ವಿರುದ್ಧದ ಗುರಾಣಿ. ಪರಸ್ಪರ ಗೌರವದಿಂದಿರುವ ಇಬ್ಬರು ಹರೆಯದವರನ್ನು ಬೇರೆ ಮಾಡುವುದಕ್ಕಾಗಿ ಇದನ್ನು ಕತ್ತಿಯಂತೆ ಬೀಸುವ ಮನೆಗಳೂ ಉಂಟು. ಇಂಥ ಮೊಕದ್ದಮೆಗಳನ್ನು ಕಂಡು, ಒಪ್ಪಿಗೆಯ ವಯಸ್ಸನ್ನು ಮರುವಿಚಾರ ಮಾಡಬೇಕೆಂದು ಕರ್ನಾಟಕ ಹೈಕೋರ್ಟು 2022ರಲ್ಲಿ ಕಾನೂನು ಆಯೋಗಕ್ಕೆ ಸೂಚಿಸಿತು. ಆಯೋಗ 2023ರ ತನ್ನ ವರದಿಯಲ್ಲಿ ವಯಸ್ಸನ್ನು ಇಳಿಸಬೇಕಾಗಿಲ್ಲ, ಆದರೆ 16ರಿಂದ 18ರವರ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆಗೆ ಅವಕಾಶವಿರಲಿ ಎಂದಿತು. ಆದ್ದರಿಂದ ನಮ್ಮ ಮೊದಲ ಪ್ರಶ್ನೆ 'ಯಾರ ಜೊತೆ?' ಎಂದಾಗಬಾರದು, 'ಹೆದರಿಸುತ್ತಾನೆಯೆ?' ಎಂದಾಗಬೇಕು.

8. ಚಿತ್ರಗಳ ವಿಷಯ

ಚಿತ್ರ ಇಟ್ಟುಕೊಂಡು ಹೆದರಿಸುವವನಿಗೆ ಹಣ ಕೊಟ್ಟರೆ ಇನ್ನಷ್ಟು ಕೇಳುತ್ತಾನೆ. ಇನ್ನೊಂದು ಚಿತ್ರ ಕೊಟ್ಟರೆ ಅದೂ ಅವನ ಆಯುಧವಾಗುತ್ತದೆ. ಕೊಡುವುದನ್ನು ನಿಲ್ಲಿಸಬೇಕು. ಹದಿನೆಂಟರೊಳಗಿನವರ ಅಂಥ ಚಿತ್ರವನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಂತೆ ಘೋರ ಅಪರಾಧ. ಸಾಕ್ಷ್ಯಕ್ಕೆಂದು ನಾವೇ ಅದನ್ನು ಮಾವನಿಗೆ, ಚಿಕ್ಕಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸುವುದೂ ಹಂಚಿದಂತೆಯೇ. ಆ ತಪ್ಪನ್ನು ಮಾಡಬೇಡಿರಿ. ಫೋನನ್ನೇ ಪೊಲೀಸರಿಗೆ ತೋರಿಸಿರಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಹೆಂಗಸರ ಮತ್ತು ಮಕ್ಕಳ ದೂರುಗಳಿಗೆ ಬೇರೆ ವಿಭಾಗವಿದೆ, ಅಲ್ಲಿ ಹೆಸರು ಹೇಳದೆಯೂ ತಿಳಿಸಬಹುದು. ಹದಿನೆಂಟರೊಳಗೆ ತೆಗೆದ ಚಿತ್ರಗಳು ದೊಡ್ಡ ಜಾಲತಾಣಗಳಲ್ಲಿ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಪುಕ್ಕಟೆ ಸೇವೆ 2023ರಿಂದ ನಡೆಯುತ್ತಿದೆ. ಚಿತ್ರವು ನಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಗುರುತು ಮಾತ್ರ ಹೋಗುತ್ತದೆ, ಅದನ್ನು ಹಿಡಿದು ಸೇವೆಯಲ್ಲಿ ಸೇರಿದ ತಾಣಗಳು ಚಿತ್ರವನ್ನು ತಡೆಯುತ್ತವೆ.

9. ಈ ಊರಿನಲ್ಲಿ ಎಲ್ಲಿಗೆ ಹೋಗಬೇಕು?

ಈ ಸಂಖ್ಯೆಗಳನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿರಿ. ಪ್ರಾಣಾಪಾಯವಿದ್ದರೆ 112. ಹೆಂಗಸರ ಸಹಾಯಕ್ಕೆ 181. ಮಕ್ಕಳ ಸಹಾಯಕ್ಕೆ 1098. ಉಚಿತ ಕಾನೂನು ನೆರವಿಗೆ 15100. ಮನಸ್ಸು ತೀರ ಕುಗ್ಗಿದ್ದರೆ 14416. ಇದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ, ಕನ್ನಡದಲ್ಲಿಯೂ ಮಾತಾಡುವವರಿದ್ದಾರೆ.

ಹೈದರಾಬಾದಿನಲ್ಲಿ 2014ರ ಅಕ್ಟೋಬರಿನಿಂದ ಪೊಲೀಸರ 'ಷೀ ಟೀಮ್' ಎಂಬ ತಂಡಗಳು ಕೆಲಸ ಮಾಡುತ್ತಿವೆ. ಬಸ್ಸು ನಿಲ್ದಾಣ, ಕಾಲೇಜುಗಳ ಬಳಿ ಸಾದಾ ಉಡುಪಿನಲ್ಲಿ ನಿಂತು, ಕಾಡುವವರನ್ನು ಹಿಡಿಯುವುದು ಇವರ ಕೆಲಸ. 2016ರ ಮೇ ತಿಂಗಳಲ್ಲಿ ನಗರದಲ್ಲಿ 'ಭರೋಸಾ' ಕೇಂದ್ರ ತೆರೆಯಿತು. ಹಿಂಸೆಗೊಳಗಾದ ಹೆಂಗಸರಿಗೂ ಮಕ್ಕಳಿಗೂ ಪೊಲೀಸು, ವೈದ್ಯಕೀಯ, ಕಾನೂನು, ಸಮಾಧಾನದ ಸಲಹೆ ಇವೆಲ್ಲ ಒಂದೇ ಸೂರಿನಡಿ ಸಿಗಲೆಂಬುದು ಅದರ ಉದ್ದೇಶ. ತೆಲುಗು, ಉರ್ದು ಸರಿಯಾಗಿ ಬಾರದ ತಾಯಂದಿರ ಜೊತೆಗೆ ಹೋಗಿ ಮಾತು ತಿಳಿಸಿಕೊಡುವುದು, ದೂರು ಬರೆದುಕೊಡುವುದು ಇವು ಓದುಬರಹ ಬಲ್ಲ ನಮ್ಮ ಸದಸ್ಯರು ಮಾಡಬಹುದಾದ ಸೇವೆ. ಆದರೆ ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲವರು ಮಾತ್ರ ಮುಂದೆ ಬರಬೇಕು.

10. ಗಂಡುಮಕ್ಕಳ ಮನೆಯವರಿಗೆ

ಈ ಪಾಠ ಹೆಣ್ಣು ಹೆತ್ತವರಿಗೆ ಮಾತ್ರ ಎಂದುಕೊಂಡರೆ ಅರ್ಧ ಪಾಠ ಓದಿದಂತೆ. ಹೊಡೆಯುವ ಹುಡುಗನೂ ಯಾವುದೋ ಮನೆಯಲ್ಲಿ ಉಂಡು ಬೆಳೆದವನೇ. ಅಪ್ಪ ಅಮ್ಮನ ಮೇಲೆ ಕೈ ಎತ್ತುವುದನ್ನು ಕಂಡು ಬೆಳೆದವನು, ಅದೇ ಗಂಡಸುತನವೆಂದು ತಿಳಿದಿದ್ದರೆ ಅದನ್ನು ಕಲಿಸಿದವರು ಯಾರು? ನಮ್ಮ ವಾಚನಾಲಯಕ್ಕೆ ಬರುವ ತರುಣರಿಗೂ ಹೇಳುತ್ತೇವೆ: ಅವಳು ಬೇಡವೆಂದರೆ ಬೇಡವೇ. ಬೇಸರ ನಿಮ್ಮದು, ಅದನ್ನು ನೀವೇ ನುಂಗಬೇಕು. ನಿಮ್ಮ ಗೆಳೆಯನೊಬ್ಬ ಹುಡುಗಿಯ ಚಿತ್ರ ತೋರಿಸಿ ನಕ್ಕರೆ, ನೀವೂ ನಕ್ಕರೆ ಕೀಚಕನ ಸಭೆಯಲ್ಲಿ ನೀವೂ ಕುಳಿತಂತಾಯಿತು. 'ಅಳಿಸಿಬಿಡು, ಇದು ತಪ್ಪು' ಎನ್ನುವ ಒಬ್ಬ ಗೆಳೆಯನಿಂದ ಒಂದು ಮನೆ ಉಳಿದೀತು.

ಹುಡುಗಿಯರ ಓದು ನಮ್ಮ ಜನ ಕಷ್ಟಪಟ್ಟು ಗಳಿಸಿದ್ದು. ಒಂದು ಭಯಕ್ಕೆ ಸಿಕ್ಕಿ ಅದು ನಿಲ್ಲಬಾರದು. ತಪ್ಪು ಹೆಜ್ಜೆ ಇಟ್ಟವಳಿಗೂ ಮನೆಯ ಬಾಗಿಲು ತೆರೆದಿರಬೇಕು.

ಚರ್ಚೆಗೆ ಪ್ರಶ್ನೆಗಳು

(1) ಕಾಳಜಿಗೂ ಕಾವಲಿಗೂ ಇರುವ ವ್ಯತ್ಯಾಸವನ್ನು ಎರಡು ಉದಾಹರಣೆಗಳಿಂದ ಹೇಳಿರಿ.

(2) 'ನಿನ್ನ ಅಪ್ಪನಿಗೆ ಹೇಳುತ್ತೇನೆ' ಎಂಬ ಬೆದರಿಕೆಗೆ ನಿಮ್ಮ ಮನೆಯಲ್ಲಿ ಶಕ್ತಿ ಇದೆಯೆ? ಇದ್ದರೆ ಅದನ್ನು ಕಳೆಯುವುದು ಹೇಗೆ?

(3) ಸುದೇಷ್ಣೆಯೂ ವಿರಾಟನೂ ಏಕೆ ಸುಮ್ಮನಿದ್ದರು? ಅಂಥ ಕಾರಣಗಳು ನಮ್ಮ ಓಣಿಯಲ್ಲಿ ಇವೆಯೆ?

(4) ನೆರೆಮನೆಯ ಹುಡುಗಿ ತೊಂದರೆಯಲ್ಲಿದ್ದಾಳೆಂಬ ಅನುಮಾನ ಬಂದರೆ, ಸುದ್ದಿ ಹಬ್ಬಿಸದೆ ಸಹಾಯ ಮಾಡುವುದು ಹೇಗೆ?

(5) 112, 181, 1098: ಯಾವುದು ಯಾವುದಕ್ಕೆ? ಪುಟ ನೋಡದೆ ಹೇಳಿರಿ. ಆಮೇಲೆ ಮನೆಗೆ ಹೋಗಿ ಮಕ್ಕಳಿಗೂ ಹೇಳಿಕೊಡಿರಿ.